ಬೀಗದ ಕೈ ಯಾರ ಹತ್ತಿರ ಉಂಟು?

"ಎಂತ ಉಸ್ತಾದ್ ಇದು? ನಮ್ಮ ಲೈಬ್ರೆರಿಯ ಹೆಸರು ಹಾಕಿದ್ರೆ ಇಸ್ಪೀಟಿನ ಆಟ ಬರ್ತದೆ!"

ಮೂರು ವರ್ಷದ ಹಿಂದೆ ಒಂದು ಸಂಜೆ, ಮದ್ರಸದ ಬಾಗಿಲು ಹಾಕುವ ಹೊತ್ತಿಗೆ, ನಮ್ಮೂರಿನ ಗ್ರಂಥಾಲಯದ ಕಾರ್ಯದರ್ಶಿ ಮೊಬೈಲ್ ಹಿಡಿದುಕೊಂಡು ಬಂದು ಕೇಳಿದ ಮಾತಿದು. ನೋಡಿದೆವು. ಅವರು ಹೇಳಿದ್ದು ನಿಜ. ಹನ್ನೆರಡು ವರ್ಷಗಳ ಸ್ಮರಣ ಸಂಚಿಕೆ, ಹಳೆಯ ಫೋಟೊ, ಊರಿನ ಹಿರಿಯರ ಮಾತು ಎಲ್ಲ ಇದ್ದ ವೆಬ್‌ಸೈಟಿನ ಜಾಗದಲ್ಲಿ ಹಣ ಕಟ್ಟಿ ಆಡುವ ಆಟದ ಜಾಹೀರಾತು ಕುಣಿಯುತ್ತಿತ್ತು.

ವಿಚಾರಿಸಿದಾಗ ಗೊತ್ತಾಯಿತು, ಇದರಲ್ಲಿ ಯಾರ ಕಳ್ಳತನವೂ ಇಲ್ಲ. ವೆಬ್‌ಸೈಟ್ ಮಾಡಿಕೊಟ್ಟವನು ನಮ್ಮೂರಿನ ಹುಡುಗನೇ. ಕಾಲೇಜಿನಲ್ಲಿದ್ದಾಗ ಒಂದು ಪೈಸೆ ತೆಗೆದುಕೊಳ್ಳದೆ ಮಾಡಿಕೊಟ್ಟಿದ್ದ. ಹೆಸರನ್ನು ತನ್ನ ಇಮೇಲಿನಲ್ಲೇ ನೋಂದಾಯಿಸಿದ್ದ. ಆಮೇಲೆ ಸೌದಿಗೆ ಹೋದ. ಹಳೆಯ ಇಮೇಲ್ ಬಿಟ್ಟ, ನಂಬರ್ ಬದಲಾಯಿತು. "ಹಣ ಕಟ್ಟಿ" ಎನ್ನುವ ಪತ್ರಗಳು ಯಾರೂ ತೆರೆಯದ ಪೆಟ್ಟಿಗೆಗೆ ಬಂದು ಬಿದ್ದವು. ವೆಬ್‌ಸೈಟಿನ ಹೆಸರಿಗೂ ಗಡುವು ಉಂಟು. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ಸಾಮಾನ್ಯವಾಗಿ 45 ದಿನದವರೆಗೆ ಮಾಮೂಲಿ ಹಣ ಕಟ್ಟಿ ಉಳಿಸಿಕೊಳ್ಳಬಹುದು. ನಂತರದ 30 ದಿನ ದಂಡ ಸಮೇತ ಬಿಡಿಸಿಕೊಳ್ಳಬಹುದು. ಇನ್ನೊಂದು 5 ದಿನ ಕಳೆದರೆ ಅದು ಬೀದಿಗೆ ಬಿತ್ತು. ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಎತ್ತಿಕೊಂಡರು.

ಆ ವಾರವೇ ಆರು ಮಂದಿ ಕೂತೆವು. ಇಬ್ಬರು ಇಂಜಿನಿಯರಿಂಗ್ ಕಲಿತ ಯುವಕರು, ಒಬ್ಬರು ಮೊಬೈಲ್ ಅಂಗಡಿಯವರು, ಒಬ್ಬರು ಕಾಲೇಜು ಉಪನ್ಯಾಸಕರು, ದುಬೈಯಲ್ಲಿ ಲೆಕ್ಕಪತ್ರ ನೋಡುವ ಒಬ್ಬರು, ಮತ್ತೆ ಕಂಪ್ಯೂಟರ್ ಅಂದರೆ ಟೈಪಿಂಗ್ ಮಾತ್ರ ಗೊತ್ತಿದ್ದ ಮದ್ರಸದ ಉಸ್ತಾದರು. ಊರಿನ ಚಿಕ್ಕ ಸಂಸ್ಥೆಗಳ ವೆಬ್‌ಸೈಟುಗಳನ್ನು ಲಾಭವಿಲ್ಲದೆ ಒಂದೇ ಕಡೆ ಇಟ್ಟು ನೋಡಿಕೊಳ್ಳುವುದು ಎಂದು ತೀರ್ಮಾನವಾಯಿತು. ಇವತ್ತು ನಮ್ಮಲ್ಲಿ 20 ವೆಬ್‌ಸೈಟುಗಳಿವೆ. ಗ್ರಂಥಾಲಯ, ಹಳೆ ವಿದ್ಯಾರ್ಥಿ ಸಂಘ, ರಕ್ತದಾನಿಗಳ ಬಳಗ, ಶಾಲೆ, ಯುವಕ ಮಂಡಲ ಹೀಗೆ. ಜಾತಿ ಧರ್ಮದ ಲೆಕ್ಕ ಇಲ್ಲ. ಈ ಮೂರು ವರ್ಷದಲ್ಲಿ ಕಲಿತದ್ದನ್ನು ಹಂಚಿಕೊಳ್ಳೋಣ ಎಂದು ಈ ಬರಹ.

ಮೊದಲು ತಿಳಿಯದವರಿಗಾಗಿ ಒಂದು ಮಾತು. ವೆಬ್‌ಸೈಟ್ ಅಂದರೆ ಬಾಡಿಗೆ ಮನೆಯ ಹಾಗೆ. ವಿಳಾಸಕ್ಕೆ ಒಂದು ಬಾಡಿಗೆ, ಅದು ಡೊಮೈನ್. ಮನೆಗೆ ಇನ್ನೊಂದು ಬಾಡಿಗೆ, ಅದು ಹೋಸ್ಟಿಂಗ್. ಹಗಲೂ ರಾತ್ರಿ ಓಡುತ್ತಿರುವ ಸರ್ವರ್ ಎನ್ನುವ ಕಂಪ್ಯೂಟರಿನಲ್ಲಿ ನಮ್ಮ ಪುಟಗಳು ಇರುತ್ತವೆ. ವಿಳಾಸ ಹೋದರೆ ಮನೆ ಇದ್ದೂ ಸಿಗುವುದಿಲ್ಲ. ಮನೆ ಹೋದರೆ ವಿಳಾಸ ಹುಡುಕಿ ಬಂದವರಿಗೆ ಖಾಲಿ ಜಾಗ.

360 ಕೋಟಿ ಡಾಲರ್ ಮತ್ತು 36 ಡಾಲರ್

ಶುರುವಿನಲ್ಲಿ ತುಂಬ ಮಂದಿ ಕೇಳಿದರು: "ದೊಡ್ಡ ಕಂಪೆನಿಗಳು ಫ್ರೀ ಕೊಡ್ತವಲ್ಲ, ನಿಮಗೆ ಯಾಕೆ ಈ ತಲೆಬಿಸಿ?" ಪ್ರಶ್ನೆ ಸರಿಯಾದದ್ದೇ. ಉತ್ತರ ಹುಡುಕಲು ಹೊರಟಾಗ ಅಮೆರಿಕದ ಎರಡು ಕತೆಗಳು ಸಿಕ್ಕಿದವು.

ಒಂದು ಜಿಯೋಸಿಟೀಸ್. 1994ರಲ್ಲಿ ಶುರುವಾದ ಇದು ಯಾರು ಬೇಕಾದರೂ ಸ್ವಂತ ಪುಟ ಮಾಡಿಕೊಳ್ಳಲು ಉಚಿತ ಜಾಗ ಕೊಟ್ಟಿತು. ಲಕ್ಷಾಂತರ ಮಂದಿ ಮನೆ ಮಾಡಿದರು. ತಮ್ಮ ಊರು, ತಮ್ಮ ಮಕ್ಕಳು, ತಮ್ಮ ಹವ್ಯಾಸ ಎಲ್ಲವನ್ನೂ ಬರೆದಿಟ್ಟರು. 1999ರಲ್ಲಿ ಯಾಹೂ ಇದನ್ನು ಸುಮಾರು 360 ಕೋಟಿ ಡಾಲರ್ ಬೆಲೆಗೆ ಕೊಂಡುಕೊಂಡಿತು. ಹತ್ತು ವರ್ಷ ಕಳೆದು 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಜಪಾನಿನ ಶಾಖೆ ಮಾತ್ರ 2019ರವರೆಗೆ ನಡೆಯಿತು. ಆರ್ಕೈವ್ ಟೀಮ್ ಎನ್ನುವ ಸ್ವಯಂಸೇವಕರ ಗುಂಪು ಕೊನೆಯ ತಿಂಗಳುಗಳಲ್ಲಿ ರಾತ್ರಿ ಹಗಲು ಕೂತು ನಕಲು ಮಾಡಿಟ್ಟದ್ದರಿಂದ ಅದರಲ್ಲಿ ದೊಡ್ಡ ಪಾಲು ಉಳಿಯಿತು.

ಇನ್ನೊಂದು ಎಸ್‌ಡಿಎಫ್. 1987ರಲ್ಲಿ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಜಪಾನಿ ಕಾರ್ಟೂನ್ ಚಿತ್ರಗಳ ಅಭಿಮಾನಿಗಳಿಗಾಗಿ ಒಂದು ಆಪಲ್ 2ಇ ಕಂಪ್ಯೂಟರಿನಲ್ಲಿ ಹುಟ್ಟಿಕೊಂಡದ್ದು. ಫೋನ್ ಲೈನಿನ ಮೂಲಕ ಸೇರಿ ಮಾತಾಡುವ ಜಾಗ, ಅಷ್ಟೇ. ಮುಂದೆ ಅದು ಲಾಭರಹಿತ ಸಂಘವಾಗಿ ನೋಂದಣಿ ಆಯಿತು. ಸದಸ್ಯರಿಗೆ ವೆಬ್‌ಪುಟ ಇಡಲು ಜಾಗ, ಕಂಪ್ಯೂಟರ್ ಕಲಿಯಲು ಅವಕಾಶ ಕೊಡುತ್ತಾ ಬಂತು. ಜಾಹೀರಾತು ಇಲ್ಲ. ನಡೆಯುವುದು ಸದಸ್ಯರ ಹಣದಲ್ಲಿ. ಒಂದೇ ಸಲ 36 ಡಾಲರ್ ಕೊಟ್ಟವರಿಗೆ ಜೀವಮಾನದ ಸದಸ್ಯತ್ವ ಎನ್ನುವ ಪದ್ಧತಿ ಅಲ್ಲಿ ಬಹುಕಾಲದಿಂದ ಉಂಟು. ಬಳಸುವುದು ನೆಟ್‌ಬಿಎಸ್‌ಡಿ ಎನ್ನುವ ಉಚಿತ ತಂತ್ರಾಂಶ. ಜಿಯೋಸಿಟೀಸ್‌ಗಿಂತ ಏಳು ವರ್ಷ ಮೊದಲು ಹುಟ್ಟಿದ ಈ ಬಡ ಸಂಘ ಜಿಯೋಸಿಟೀಸ್ ಮುಚ್ಚಿದ ಮೇಲೂ ನಡೆಯುತ್ತಾ ಬಂದಿದೆ.

ಕೋಟಿ ಕೋಟಿ ಇದ್ದದ್ದು ಹೋಯಿತು, ಚಂದಾ ಎತ್ತಿದ್ದು ಉಳಿಯಿತು. ಯಾಕೆ? ಕಂಪೆನಿಗೆ ಆ ಪುಟಗಳು ವ್ಯಾಪಾರದ ಸರಕು. ಲಾಭ ಇಲ್ಲ ಅಂತಾದ ದಿನ ಮುಚ್ಚಿದರು. ಸಂಘಕ್ಕೆ ಅವು ಸದಸ್ಯರ ಸ್ವಂತ ವಸ್ತು. ನಡೆಸುವವರೂ ಅಲ್ಲಿಯೇ ವಾಸ ಇರುವವರು. ನಮ್ಮವರು ಅಮಾನತ್ ಅನ್ನುತ್ತೇವಲ್ಲ, ಬೇರೆಯವರು ನಂಬಿ ಇಟ್ಟ ವಸ್ತು, ಅದೇ.

ಲೆಕ್ಕದ ಪುಸ್ತಕ

ನಾವು ಹೆದರಿದಷ್ಟು ಖರ್ಚು ಬರಲಿಲ್ಲ. ಅದಕ್ಕೆ ಕಾರಣ ಬೇರೆಯವರ ಔದಾರ್ಯ. 1993ರ ಎಪ್ರಿಲ್ 30ರಂದು ಸ್ವಿಟ್ಸರ್‌ಲ್ಯಾಂಡಿನ ಸರ್ನ್ ಸಂಸ್ಥೆ ವೆಬ್ ತಂತ್ರಾಂಶವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು ಎಂದು ಬಿಟ್ಟುಕೊಟ್ಟಿತು. ಸರ್ವರಿನಲ್ಲಿ ಓಡುವ ಲಿನಕ್ಸ್ ಉಚಿತ. ಪುಟಗಳನ್ನು ಬಡಿಸುವ ಅಪಾಚೆ 1995ರಲ್ಲಿ ಸ್ವಯಂಸೇವಕರು ಕಟ್ಟಿದ್ದು. ವಿಳಾಸದ ಪಕ್ಕ ಬೀಗದ ಗುರುತು ಬರಬೇಕಾದರೆ ಒಂದು ಪ್ರಮಾಣಪತ್ರ ಬೇಕು. ಅದಕ್ಕೆ ಮೊದಲೆಲ್ಲ ವರ್ಷವರ್ಷವೂ ಹಣ ಕೊಡಬೇಕಿತ್ತು. 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎನ್ನುವ ಲಾಭರಹಿತ ಸೇವೆ ಬಂದ ಮೇಲೆ ಅದೂ ಉಚಿತ.

ನಮ್ಮ ಕಳೆದ ವರ್ಷದ ಲೆಕ್ಕ ಹೀಗಿದೆ. ಸರ್ವರ್ ಬಾಡಿಗೆ ತಿಂಗಳಿಗೆ 900 ರೂ., ವರ್ಷಕ್ಕೆ 10,800. ಶೇ. 18 ಜಿಎಸ್‌ಟಿ ಸೇರಿ 12,744 ರೂ. ನಕಲು ಇಡಲು ಬೇರೆ ಊರಿನ ಬೇರೆ ಕಂಪೆನಿಯಲ್ಲಿ ಜಾಗ, ತೆರಿಗೆ ಸೇರಿ 3,540 ರೂ. ನಮ್ಮದೇ ಡೊಮೈನಿಗೆ 900. ಹಾರ್ಡ್ ಡಿಸ್ಕ್ ಬದಲಿಸಲು ಪ್ರತಿ ವರ್ಷ ಎತ್ತಿಡುವುದು 1,500. ಒಟ್ಟು 18,684 ರೂಪಾಯಿ. ಒಂದು ಸಾಧಾರಣ ಮದುವೆಯ ಪಂದಲಿಗೂ ಸಾಲದ ಹಣ.

ವರಮಾನ? ಪ್ರತಿ ಸಂಸ್ಥೆಯಿಂದ ವರ್ಷಕ್ಕೆ 600 ರೂ., ಅಲ್ಲಿಗೆ 12,000. ನಾವು ಆರು ಮಂದಿ ತಿಂಗಳಿಗೆ ನೂರು ನೂರು, ಅಲ್ಲಿಗೆ 7,200. ಖರ್ಚು ಕಳೆದು 516 ರೂ. ಉಳಿಯಿತು. ಸಂಸ್ಥೆಗಳ ಡೊಮೈನ್ ಹಣವನ್ನು ಅವರೇ ಕಟ್ಟಬೇಕು, ಅವರದ್ದೇ ಹೆಸರಿನಲ್ಲಿ ಇರಬೇಕು. ಆ ವಿಷಯದಲ್ಲಿ ರಾಜಿ ಇಲ್ಲ.

ಮೊದಲ ವರ್ಷ ನಾವು ಸಂಸ್ಥೆಗಳಿಂದ ಏನೂ ತೆಗೆದುಕೊಂಡಿರಲಿಲ್ಲ. ಅದು ತಪ್ಪಾಯಿತು. ಆರುನೂರು ಕೇಳಲು ಶುರು ಮಾಡಿದಾಗಲೇ ಗೊತ್ತಾದದ್ದು, ಎರಡು ಸಂಘಗಳಲ್ಲಿ ಕಾರ್ಯದರ್ಶಿ ಬದಲಾಗಿ ವರ್ಷವಾಗಿತ್ತು, ಹೊಸಬರಿಗೆ ವೆಬ್‌ಸೈಟ್ ಇರುವುದೇ ಗೊತ್ತಿರಲಿಲ್ಲ! ಆರುನೂರು ರೂಪಾಯಿಯ ಕೆಲಸ ಹಣ ತರುವುದು ಮಾತ್ರ ಅಲ್ಲ. ವರ್ಷಕ್ಕೊಮ್ಮೆ ಆ ಕಡೆ ಯಾರಿದ್ದಾರೆ, ನಂಬರ್ ಸರಿ ಉಂಟಾ ಎಂದು ತಿಳಿಸುವುದೂ ಅದೇ.

ಇನ್ನೊಂದು ಎಚ್ಚರಿಕೆ. "ಮೊದಲ ವರ್ಷ 99 ರೂಪಾಯಿ" ಎನ್ನುವ ರೀತಿಯ ಕೊಡುಗೆಗಳಿಗೆ ಮರುಳಾಗಬೇಡಿ. ಎರಡನೆಯ ವರ್ಷದ ಬೆಲೆ ಎಷ್ಟು ಎಂದು ಮೊದಲೇ ಕೇಳಿ. ಅದು ಹಲವು ಪಟ್ಟು ಇರಬಹುದು.

ಬೇಡ ಎನ್ನುವುದೂ ಸೇವೆಯೇ

ಉಚಿತ ಕೆಲಸದಲ್ಲಿ ಕಷ್ಟದ ಮಾತು "ಆಗುವುದಿಲ್ಲ" ಎನ್ನುವುದು. ನಾವು ಮೂರಕ್ಕೆ ಆಗುವುದಿಲ್ಲ ಎನ್ನುತ್ತೇವೆ.

ಇಮೇಲ್ ಸೇವೆ ಕೊಡುವುದಿಲ್ಲ. ಚಿಕ್ಕ ಸರ್ವರಿನಿಂದ ಹೊರಟ ಪತ್ರವನ್ನು ದೊಡ್ಡ ಕಂಪೆನಿಗಳ ಪೆಟ್ಟಿಗೆಗಳು ಕಸದ ಬುಟ್ಟಿಗೆ ಹಾಕುವುದು ಸಾಮಾನ್ಯ. ಅದನ್ನು ಸರಿ ಮಾಡುತ್ತಾ ಕೂತರೆ ಬೇರೆ ಕೆಲಸ ಆಗುವುದಿಲ್ಲ. ವೀಡಿಯೊ ಇಡುವುದಿಲ್ಲ, ಜಾಗ ಸಾಲದು. ಹಣ ಪಾವತಿಯ ಪುಟ ಇಡುವುದಿಲ್ಲ. ಬೇರೆಯವರ ಹಣದ ಜವಾಬ್ದಾರಿ ಹೊರುವ ಶಕ್ತಿ ಸಂಜೆ ಮಾತ್ರ ಪುರುಸೊತ್ತಿರುವ ಆರು ಮಂದಿಗೆ ಇಲ್ಲ.

ಆಡಂಬರದ ಪುಟಗಳಿಗೂ ಕತ್ತರಿ ಹಾಕಿದೆವು. ಹಿಂದೆ ಡೇಟಾಬೇಸ್ ಇರುವ ತಂತ್ರಾಂಶದಲ್ಲಿ ಒಂದು ವೆಬ್‌ಸೈಟ್ ಇತ್ತು. ಅದರ ಪ್ಲಗಿನ್‌ಗಳನ್ನು ನಾವು ಆರು ತಿಂಗಳು ಅಪ್‌ಡೇಟ್ ಮಾಡಲಿಲ್ಲ. ಒಂದು ಬೆಳಿಗ್ಗೆ ಶಾಲೆಯ ವೆಬ್‌ಸೈಟಿನೊಳಗೆ ನೂರಾರು ಮದ್ದು ಮಾತ್ರೆಗಳ ಜಾಹೀರಾತು ಪುಟಗಳು! ತಪ್ಪು ನಮ್ಮದೇ. ಆವತ್ತಿನಿಂದ 20ರಲ್ಲಿ 16 ವೆಬ್‌ಸೈಟುಗಳನ್ನು ಸರಳ ಪುಟಗಳಾಗಿ ಬದಲಾಯಿಸಿದೆವು. ಅಕ್ಷರ, ಚಿತ್ರ, ಅಷ್ಟೇ. ಒಳಗೆ ನುಗ್ಗಲು ಕಿಂಡಿ ಕಡಿಮೆ. ಚಿಕ್ಕ ಸರ್ವರಿಗೂ ಭಾರ ಇಲ್ಲ, ನೆಟ್‌ವರ್ಕ್ ಸಿಗದ ಗುಡ್ಡೆಯ ಮನೆಯಲ್ಲೂ ಬೇಗ ತೆರೆಯುತ್ತದೆ.

ಆ ಹಾಡುಗಳು

ನಮ್ಮಲ್ಲಿರುವ ಎಲ್ಲಕ್ಕಿಂತ ಬೆಲೆಬಾಳುವುದು ಒಂದು ಹಳೆ ವಿದ್ಯಾರ್ಥಿ ಸಂಘದ ಪುಟದಲ್ಲಿ ಉಂಟು. ಹಿಂದಿನ ಮದುವೆ ಮನೆಗಳಲ್ಲಿ ಹೆಂಗಸರು ಹಾಡುತ್ತಿದ್ದ ಬ್ಯಾರಿ ಹಾಡುಗಳು. ಎಂಬತ್ತು ದಾಟಿದ ಒಬ್ಬ ಉಮ್ಮ ಹಾಡಿದ್ದನ್ನು ಅವರ ಮೊಮ್ಮಗಳು ಮೊಬೈಲಿನಲ್ಲಿ ಹಿಡಿದಿಟ್ಟದ್ದು, ಒಟ್ಟು 41. ಆ ಉಮ್ಮ ಈಗ ಇಲ್ಲ. ಮೊಬೈಲೂ ನೀರಿಗೆ ಬಿದ್ದು ಹೋಗಿದೆ.

ನಕಲು ಇಡುವುದರಲ್ಲಿ ಒಂದು ನಿಯಮ ಉಂಟು. ಮೂರು ಪ್ರತಿ ಇರಬೇಕು, ಎರಡು ಬೇರೆ ರೀತಿಯ ಸಾಧನದಲ್ಲಿ ಇರಬೇಕು, ಒಂದಾದರೂ ಬೇರೆ ಜಾಗದಲ್ಲಿ ಇರಬೇಕು. ಯಾಕೆಂದು ತಿಳಿಯಲು 2021ರ ಮಾರ್ಚ್ 10ನ್ನು ನೆನೆಸಿದರೆ ಸಾಕು. ಆ ದಿನ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎನ್ನುವ ಯುರೋಪಿನ ದೊಡ್ಡ ಹೋಸ್ಟಿಂಗ್ ಕಂಪೆನಿಯ ಕಟ್ಟಡಕ್ಕೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟಿತು. ಲಕ್ಷಗಟ್ಟಲೆ ವೆಬ್‌ಸೈಟುಗಳು ಒಮ್ಮೆಲೇ ನಿಂತವು. ನಕಲು ಕೂಡ ಅಲ್ಲಿಯೇ ಇಟ್ಟಿದ್ದ ಕೆಲವರಿಗೆ ಏನೂ ಉಳಿಯಲಿಲ್ಲ.

ನಮ್ಮಲ್ಲಿ ಬೆಂಕಿ ಬೀಳಲಿಲ್ಲ. ಆದರೆ ಎರಡನೆಯ ವರ್ಷದ ಮಳೆಗಾಲದಲ್ಲಿ ಸರ್ವರ್ ಬದಲಾಯಿಸುವಾಗ ಹಾಡುಗಳ ಫೋಲ್ಡರ್ ಕೈತಪ್ಪಿ ಅಳಿಸಿಹೋಯಿತು. "ತೊಂದರೆ ಇಲ್ಲ, ಬ್ಯಾಕಪ್ ಉಂಟು" ಎಂದರು ಹುಡುಗರು. ತೆರೆದು ನೋಡಿದರೆ ಖಾಲಿ. ಜಾಗ ತುಂಬಿದ್ದರಿಂದ ನಾಲ್ಕು ತಿಂಗಳಿಂದ ನಕಲು ಆಗುತ್ತಲೇ ಇರಲಿಲ್ಲ. ಪ್ರತಿ ರಾತ್ರಿ ಆ ಪ್ರೋಗ್ರಾಂ ಎದ್ದು, ಕೆಲಸ ಮಾಡದೆ, ಸುಮ್ಮನೆ ಮಲಗುತ್ತಿತ್ತು. ಯಾರಿಗೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಆ ರಾತ್ರಿ ಆರು ಮಂದಿಗೂ ನಿದ್ದೆ ಇಲ್ಲ. ಮೊಮ್ಮಗಳಿಗೆ ಹೇಗೆ ಮುಖ ತೋರಿಸುವುದು? ಬೆಳಗಾಗುವಾಗ ಉಪನ್ಯಾಸಕರಿಗೆ ನೆನಪಾಯಿತು, ಐದು ತಿಂಗಳ ಹಿಂದೆ ಒಂದು ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ಹಾಕಿ ಮನೆಯ ಕಪಾಟಿನಲ್ಲಿ ಬಟ್ಟೆಯ ಅಡಿಯಲ್ಲಿ ಇಟ್ಟಿದ್ದರು. 41ರಲ್ಲಿ 41 ಸಿಕ್ಕಿತು.

ಆವತ್ತಿನಿಂದ ನಮ್ಮಲ್ಲಿ ಒಂದು ಪದ್ಧತಿ. ಪ್ರತಿ ತಿಂಗಳ ಮೊದಲ ಭಾನುವಾರ ಯಾವುದಾದರೂ ಒಂದು ವೆಬ್‌ಸೈಟನ್ನು ನಕಲಿನಿಂದ ಪುನಃ ಕಟ್ಟಿ ನೋಡುವುದು. ಆದರೆ ಸರಿ, ಆಗದಿದ್ದರೆ ಅದೇ ದಿನ ದುರಸ್ತಿ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಕಾನೂನು ಮತ್ತು ಕೊಲ್ಲಿಯ ಹಣ

ಉಚಿತ ಸೇವೆಗೆ ಕಾನೂನು ಎಂತದು ಅಂತ ನಾವೂ ಭಾವಿಸಿದ್ದೆವು. ಹಾಗಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ‘ಮಧ್ಯವರ್ತಿ’ ಅಂದರೆ ಯಾರು ಎಂದು ವಿವರಿಸುವಾಗ ವೆಬ್ ಹೋಸ್ಟಿಂಗ್ ಸೇವೆ ಕೊಡುವವರನ್ನೂ ಹೆಸರಿಸಿ ಸೇರಿಸಿದ್ದಾರೆ. ಲಾಭ ಮಾಡುತ್ತೀರಾ ಇಲ್ಲವಾ ಎನ್ನುವ ಪ್ರಶ್ನೆ ಅಲ್ಲಿಲ್ಲ. ಬೇರೆಯವರು ಬರೆದದ್ದಕ್ಕೆ ನಮಗೆ ರಕ್ಷಣೆ ಸಿಗಬೇಕಾದರೆ 79ನೇ ಸೆಕ್ಷನ್ ಪ್ರಕಾರ ಜಾಗರೂಕತೆ ವಹಿಸಿರಬೇಕು. ನಿಯಮಗಳನ್ನು ಬರೆದು ಪ್ರಕಟಿಸಬೇಕು, ದೂರು ಕೇಳುವ ವ್ಯಕ್ತಿಯ ಹೆಸರು ಮತ್ತು ಸಂಪರ್ಕ ಹಾಕಬೇಕು, ಬಂದ ದೂರನ್ನು ಗಡುವಿನೊಳಗೆ ನೋಡಬೇಕು. ಸರ್ವರಿಗೆ ಯಾರಾದರೂ ನುಗ್ಗಿದರೆ 2022ರ ಸರ್ಟ್-ಇನ್ ನಿರ್ದೇಶನದಂತೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಒಬ್ಬ ವಕೀಲರ ಹತ್ತಿರ ಅರ್ಧ ದಿನ ಕೂತು ಇದನ್ನೆಲ್ಲ ಒಂದು ಪುಟದಲ್ಲಿ ಬರೆಸಿಕೊಂಡೆವು.

ಕೊಲ್ಲಿಯ ನಮ್ಮವರು ಧಾರಾಳಿಗಳು. "ಎಷ್ಟು ಬೇಕು ಹೇಳಿ, ಕಳಿಸ್ತೇವೆ" ಎನ್ನುತ್ತಾರೆ. ಇಲ್ಲೂ ಜಾಗ್ರತೆ ಬೇಕು. ಭಾರತೀಯ ಪೌರನಾಗಿಯೇ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಅಥವಾ ಅಲ್ಲಿಯ ಕಂಪೆನಿ ಕೊಟ್ಟರೆ ಅದು ವಿದೇಶಿ ದೇಣಿಗೆ. 2010ರ ಎಫ್‌ಸಿಆರ್‌ಎ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ನಾವು ದುಬೈಯ ಸದಸ್ಯರಿಂದಲೂ ತಿಂಗಳಿಗೆ ನೂರೇ ತೆಗೆದುಕೊಳ್ಳುವುದು, ಅದೂ ಬ್ಯಾಂಕಿನಿಂದ, ರಶೀದಿ ಸಮೇತ.

ಒಬ್ಬರ ಕೈಯಲ್ಲಿ ಬೇಡ

ಇಟಲಿಯಲ್ಲಿ 2001ರಲ್ಲಿ ಹುಟ್ಟಿದ ಔಟಿಸ್ಟಿಚಿ-ಇನ್ವೆಂಟಾಟಿ ಎನ್ನುವ ಸ್ವಯಂಸೇವಕರ ಬಳಗ ಉಂಟು. ದೇಣಿಗೆಯಿಂದಲೇ ವೆಬ್‌ಸೈಟು, ಇಮೇಲ್ ಸೇವೆ ಕೊಡುತ್ತದೆ. 2004ರಲ್ಲಿ ಪೊಲೀಸರು ಇವರಿಗೆ ತಿಳಿಸದೆಯೇ, ಸರ್ವರ್ ಇಟ್ಟಿದ್ದ ಕಂಪೆನಿಯ ಒಳಗೇ ಹೋಗಿ ಅದರ ಕೀಲಿಗಳನ್ನು ನಕಲು ಮಾಡಿಕೊಂಡಿದ್ದರು. ಬಳಗಕ್ಕೆ ಗೊತ್ತಾದದ್ದು ಒಂದು ವರ್ಷದ ಮೇಲೆ. ಅವರು ಸೇವೆ ನಿಲ್ಲಿಸಲಿಲ್ಲ. ಎಲ್ಲವೂ ಒಂದೇ ಯಂತ್ರದಲ್ಲಿ ಇರುವ ಪದ್ಧತಿ ಬಿಟ್ಟು ಹಲವು ದೇಶಗಳ ಹಲವು ಸರ್ವರುಗಳಲ್ಲಿ ಹಂಚಿದರು. ಒಂದು ಹೋದರೆ ಇನ್ನೊಂದು ನಿಲ್ಲಬೇಕು ಎಂಬ ಲೆಕ್ಕ.

ನಮಗೆ ಅಷ್ಟು ಸರ್ವರ್ ಎಲ್ಲಿಂದ? ಆದರೆ ಪಾಠ ನಮಗೂ ಹೊಂದುತ್ತದೆ. ನಮ್ಮಲ್ಲಿ ಒಂದೇ ಆಗಿ ಉಳಿದದ್ದು ಯಂತ್ರ ಅಲ್ಲ, ಮನುಷ್ಯ. ಸರ್ವರ್ ನೋಡಿಕೊಳ್ಳುವ ಮುಖ್ಯ ಹುಡುಗನಿಗೆ ಈಗ ದುಬೈಯಲ್ಲಿ ಕೆಲಸ ಸಿಕ್ಕಿದೆ. ಬರುವ ತಿಂಗಳು ಹೊರಡುತ್ತಾನೆ. ಸಂತೋಷದ ವಿಷಯ. ಆದರೆ ಗ್ರಂಥಾಲಯದ ಕತೆ ಶುರುವಾದದ್ದೂ ಹೀಗೇ ಅಲ್ಲವೇ?

ಈ ಸಲ ಎಚ್ಚೆತ್ತುಕೊಂಡಿದ್ದೇವೆ. ಬಿಸಿಎ ಓದುತ್ತಿರುವ ಊರಿನ ಇಬ್ಬರು ಹೆಣ್ಮಕ್ಕಳು ನಾಲ್ಕು ತಿಂಗಳಿಂದ ಅವನ ಜೊತೆ ಕೂತು ಕಲಿಯುತ್ತಿದ್ದಾರೆ. ಮಾಡಬೇಕಾದ ಕೆಲಸವನ್ನೆಲ್ಲ ಕನ್ನಡದಲ್ಲಿ ಹಂತ ಹಂತವಾಗಿ ಬರೆದು 14 ಪುಟದ ಪುಸ್ತಕ ಮಾಡಿದ್ದೇವೆ. ಪಾಸ್‌ವರ್ಡ್‌ಗಳ ಒಂದು ಪ್ರತಿ ಮೊಹರು ಮಾಡಿದ ಲಕೋಟೆಯಲ್ಲಿ ಒಬ್ಬ ಹಿರಿಯರ ಮನೆಯ ಕಪಾಟಿನಲ್ಲಿ ಉಂಟು. ಆ ಪುಸ್ತಕ ಸರಿ ಇದೆಯಾ ಎಂದು ಪರೀಕ್ಷಿಸಲು ಕಳೆದ ಮೊದಲ ಭಾನುವಾರ ಕೀಬೋರ್ಡ್ ಮುಂದೆ ಕೂರಿಸಿದ್ದು ಉಸ್ತಾದರನ್ನು! ಹುಡುಗರು ಬಾಯಿ ಮುಚ್ಚಿ ನೋಡಬೇಕು ಎಂಬ ಷರತ್ತು. ಒಂದು ಗಂಟೆ ನಲವತ್ತು ನಿಮಿಷ ಬೇಕಾಯಿತು, ಎರಡು ಕಡೆ ಎಡವಿದೆವು, ಆ ಎರಡು ಕಡೆ ಪುಸ್ತಕವನ್ನು ತಿದ್ದಿದೆವು. ಕೊನೆಗೆ ವೆಬ್‌ಸೈಟ್ ಎದ್ದು ನಿಂತಿತು.

ನಿಮ್ಮ ಸಂಘಕ್ಕೆ, ಶಾಲೆಗೆ, ಕಮಿಟಿಗೆ ವೆಬ್‌ಸೈಟ್ ಇದ್ದರೆ ಈ ವಾರವೇ ನಾಲ್ಕು ಪ್ರಶ್ನೆ ಕೇಳಿ. ಹೆಸರು ಯಾರ ಇಮೇಲಿನಲ್ಲಿ ನೋಂದಣಿ ಆಗಿದೆ? ಅದು ಮುಗಿಯುವ ತಾರೀಕು ಯಾವುದು? ನಕಲು ಎಲ್ಲಿ ಉಂಟು, ಅದನ್ನು ತೆರೆದು ನೋಡಿದ್ದು ಯಾವಾಗ? ಕೀಲಿ ಗೊತ್ತಿರುವ ಎರಡನೆಯ ವ್ಯಕ್ತಿ ಯಾರು? ನಾಲ್ಕಕ್ಕೂ ಉತ್ತರ ಸಿಕ್ಕಿದರೆ ನಿಮಗೆ ಯಾರ ಸಹಾಯವೂ ಬೇಡ. ಸಿಗದಿದ್ದರೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನಿಗೆ ಒಂದು ಫೋನ್ ಮಾಡಿ. ಬೈಯಬೇಡಿ, ಅವನು ಪುಕ್ಕಟೆ ಮಾಡಿಕೊಟ್ಟವನು.

ಗ್ರಂಥಾಲಯದ್ದು ಏನಾಯಿತು ಎಂದು ನೀವು ಕೇಳಬಹುದು. ಹಳೆಯ ಹೆಸರು ಸಿಗಲಿಲ್ಲ. ಬೇರೆ ಹೆಸರು ತೆಗೆದುಕೊಂಡರು, ಈ ಸಲ ಸಂಸ್ಥೆಯ ಹೆಸರಿನಲ್ಲಿ. 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಇಂಟರ್‌ನೆಟ್ ಆರ್ಕೈವ್ ಎನ್ನುವ ಲಾಭರಹಿತ ಸಂಸ್ಥೆ ಜಗತ್ತಿನ ವೆಬ್‌ಪುಟಗಳನ್ನು ನಕಲು ಮಾಡಿ ಇಡುತ್ತಾ ಬಂದಿದೆ. ಅಲ್ಲಿ ಹುಡುಕಿದಾಗ ಹನ್ನೆರಡು ಸ್ಮರಣ ಸಂಚಿಕೆಗಳಲ್ಲಿ ಐದು ಸಿಕ್ಕಿದವು. ಉಳಿದ ಏಳರ ಕಾಗದದ ಪ್ರತಿಗಾಗಿ ಕಾರ್ಯದರ್ಶಿಯವರು ಮನೆ ಮನೆ ಅಲೆಯುತ್ತಿದ್ದಾರೆ. ಇದುವರೆಗೆ ಮೂರು ಸಿಕ್ಕಿವೆ, ಒಂದಕ್ಕೆ ಗೆದ್ದಲು ಹಿಡಿದಿದೆ.